ನಿಮ್ಮ ಹೆಣ್ಣುಮಕ್ಕಳು ಕೂರುವವರೆಗೂ ನಾನು ನಿಮ್ಮ ಅಂಗಡಿಗೆ ಬರುವುದಿಲ್ಲ

ದಾವಣಗೆರೆಯ ಜವಳಿ ಮಳಿಗೆಗಳ ಮಾಲೀಕರಿಗೆ,

ಮಾನ್ಯರೇ, ನಮಸ್ಕಾರ.

ನಾನು ಇದೇ ಊರಿನಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಸು, ಚೂಡಿದಾರ, ಮಕ್ಕಳ ಲಂಗ ಹೊಲಿಯುತ್ತೇನೆ. ಲಗ್ನದ ಕಾಲ ಬಂದರೆ ಮಲಗುವ ಹೊತ್ತಿಗೆ ಗಡಿಯಾರ ನೋಡುವುದಿಲ್ಲ. ಈ ಕಸುಬಿಗೆ ಕೈ ಹಾಕಿದಾಗಿನಿಂದ ನಿಮ್ಮ ಗಿರಾಕಿಯಾಗಿದ್ದೆ. ಲೈನಿಂಗ್, ಫಾಲ್ಸ್, ಮ್ಯಾಚಿಂಗ್ ಬ್ಲೌಸ್ ಪೀಸು ಎಲ್ಲವೂ ನಿಮ್ಮಲ್ಲೇ. ಮದುವೆ ಗೊತ್ತಾದ ಮನೆಯವರು ಮೊದಲು ಕೇಳುವುದು ದರ್ಜಿಯನ್ನು, "ಜವಳಿ ಎಲ್ಲಿ ತೆಗೆದ್ರೆ ಚಲೋ ಅಕ್ಕಾರ?" ಅಂತ. ಹರಿಹರದಿಂದ, ಜಗಳೂರಿನಿಂದ, ಹರಪನಹಳ್ಳಿಯಿಂದ ಬಂದ ಅದೆಷ್ಟೋ ಕುಟುಂಬಗಳನ್ನು ನಾನೇ ನಿಮ್ಮ ಬಾಗಿಲಿಗೆ ಕಳಿಸಿದ್ದೇನೆ.

ಕೆಲವು ವರ್ಷಗಳಿಂದ ನಿಮ್ಮಲ್ಲಿ ಹಲವರ ಮಳಿಗೆಗೆ ಹೋಗುವುದನ್ನು ಬಿಟ್ಟಿದ್ದೇನೆ, ಯಾರನ್ನೂ ಕಳಿಸುವುದನ್ನೂ ಬಿಟ್ಟಿದ್ದೇನೆ. ಇತ್ತೀಚೆಗೆ ನಿಮ್ಮವರೊಬ್ಬರು ಮದುವೆಯೊಂದರಲ್ಲಿ ಸಿಕ್ಕು, "ಯಾಕ್ರಮ್ಮಾ, ನಮ್ ಕಡೆ ಬರೋದೇ ಬಿಟ್ರಲ್ಲ?" ಎಂದು ವಿಶ್ವಾಸದಿಂದಲೇ ಕೇಳಿದರು. ಊಟದ ಪಂಕ್ತಿಯಲ್ಲಿ ನಿಂತು ಹೇಳಿ ಮುಗಿಸುವ ಸಂಗತಿಯಲ್ಲ ಅದು. ಒಬ್ಬರಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಆದ್ದರಿಂದ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಯಾವ ಅಂಗಡಿಯ ಹೆಸರನ್ನೂ ಹಾಕಿಲ್ಲ. ಹೆಸರು ಹಾಕಿದರೆ ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಕರೆದು "ನೀನೇ ಹೇಳಿದ್ದೇನು?" ಎಂದು ವಿಚಾರಿಸುತ್ತೀರಿ ಎಂಬ ಭಯ ನನಗಿದೆ. ನಾನು ಬರೆದದ್ದು ಯಾರ ಅಂಗಡಿಗೆ ಅನ್ವಯಿಸುತ್ತದೆ ಎನ್ನುವುದು ಅವರವರಿಗೆ ಗೊತ್ತಾಗುತ್ತದೆ.

ಕಾರಣ ಇಷ್ಟು: ನಿಮ್ಮ ಮಳಿಗೆಗಳಲ್ಲಿ ಸೀರೆ ತೋರಿಸುವ ಹೆಣ್ಣುಮಕ್ಕಳಿಗೆ ಕೂರಲು ಬಿಡುವುದಿಲ್ಲ.

ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿ ಇಳಿಸುವವರೆಗೆ ಅವರು ನಿಂತೇ ಇರುತ್ತಾರೆ. ಗಿರಾಕಿ ಇದ್ದಾಗ ನಿಲ್ಲುವುದು ಕೆಲಸದ ಭಾಗ, ಅದಕ್ಕೆ ನನ್ನ ತಕರಾರಿಲ್ಲ. ನಾನು ಹೇಳುತ್ತಿರುವುದು ಗಿರಾಕಿ ಇಲ್ಲದ ಹೊತ್ತಿನ ಮಾತು. ಆಷಾಢದ ಕೊನೆಗೆ, ಶ್ರಾವಣ ಬರುವ ಮುಂಚಿನ ಮಂಗಳವಾರದ ಮಧ್ಯಾಹ್ನ, ಇಡೀ ಮಹಡಿಯಲ್ಲಿ ನಾನೊಬ್ಬಳೇ ಗಿರಾಕಿ. ಒಂದೊಂದು ಕೌಂಟರಿನ ಹಿಂದೆಯೂ ಇಬ್ಬಿಬ್ಬರು, ಒಂದೇ ಬಣ್ಣದ ಸೀರೆಯುಟ್ಟು, ಕೈ ಮುಂದೆ ಕಟ್ಟಿಕೊಂಡು ನಿಂತಿದ್ದರು. ಒಬ್ಬಳು ಹುಡುಗಿ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಾ, ಕಪಾಟಿನ ಅಂಚಿಗೆ ಬೆನ್ನು ತಾಗಿಸಿದಳು. ಒರಗಿದ್ದೂ ಅಲ್ಲ, ತಾಗಿಸಿದ್ದು ಅಷ್ಟೆ. ಕೌಂಟರಿನ ಮೇಲಿದ್ದ ಫೋನು ಬಡಿದುಕೊಂಡಿತು. ಅವಳು ಎತ್ತಿ "ಹ್ಞೂಂ ಸರ್, ಸಾರಿ ಸರ್" ಎಂದು ಇಟ್ಟು ನೆಟ್ಟಗೆ ನಿಂತಳು. ನಾನು ಏನಾಯಿತು ಎಂದು ಕೇಳಿದೆ. ಅವಳು ಕಣ್ಣಿನಿಂದಲೇ ಚಾವಣಿಯ ಕ್ಯಾಮೆರಾ ತೋರಿಸಿದಳು.

ಆ ಕ್ಯಾಮೆರಾ ಕಳ್ಳರಿಗಾಗಿ ಇಟ್ಟದ್ದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಆಮೇಲೆ ಗಮನ ಕೊಟ್ಟು ನೋಡತೊಡಗಿದೆ. ಹೋದ ಹೋದ ಕಡೆ ಗಿರಾಕಿಗೆ ಮೆತ್ತನೆಯ ಸ್ಟೂಲು ಇದೆ, ಗಿರಾಕಿಯ ಜೊತೆ ಬಂದ ಗಂಡಸರಿಗೆ ಸೋಫಾ ಇದೆ, ಬಿಲ್ಲಿಂಗ್‌ನಲ್ಲಿ ಕೂತವರಿಗೆ ಕುರ್ಚಿ ಇದೆ. ಕೌಂಟರಿನ ಹಿಂದೆ ಮಾತ್ರ ಏನೂ ಇಲ್ಲ. ಮರೆತು ಬಿಟ್ಟದ್ದಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕೂತರೆ ದಂಡ ಹಾಕುತ್ತೀರಿ ಎಂದು ನನಗೆ ಹೇಳಿದವರು ನಿಮ್ಮಲ್ಲಿ ಬೇರೆ ಬೇರೆ ಕಡೆ ಕೆಲಸ ಮಾಡುವವರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಅವರೆಲ್ಲ ನನ್ನ ಬಳಿ ಯೂನಿಫಾರ್ಮ್ ಸೀರೆಗೆ ಬ್ಲೌಸು ಹೊಲಿಸಲು ಬರುತ್ತಾರೆ. ಅಳತೆ ಕೊಡುವಾಗ ಹೆಣ್ಣುಮಕ್ಕಳು ಮಾತಾಡುತ್ತಾರೆ. ನಾನು ಎಲ್ಲ ಕೇಳಿಸಿಕೊಂಡಿದ್ದೇನೆ.

ಅವರ ಕಾಲು ನೋಡಿದ್ದೀರಾ? ನಾನು ನೋಡಿದ್ದೇನೆ. ಸಂಜೆಯಾದರೆ ಕಾಲ್ಗೆಜ್ಜೆ ಮಾಂಸದೊಳಗೆ ಹೂತುಕೊಳ್ಳುವಷ್ಟು ಹರಡು ಊದಿರುತ್ತದೆ. ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಂಟಾಗಿ ಎದ್ದಿರುತ್ತವೆ. ಮೂವತ್ತು ದಾಟದ ಹುಡುಗಿಯರಲ್ಲೂ ಅದನ್ನು ಕಂಡಿದ್ದೇನೆ. ವೆರಿಕೋಸ್ ವೇನ್ಸ್ ಎಂದು ಡಾಕ್ಟರು ಹೇಳುತ್ತಾರೆ. ಕಾಲಿನ ರಕ್ತವನ್ನು ಮೇಲಕ್ಕೆ ಎತ್ತುವುದು ಮೀನಖಂಡದ ಸ್ನಾಯು, ಅದು ಕೆಲಸ ಮಾಡುವುದು ನಡೆದಾಡಿದಾಗ. ಒಂದೇ ಕಡೆ ನಿಂತಿದ್ದರೆ ರಕ್ತ ಕೆಳಗೇ ಉಳಿಯುತ್ತದೆ, ನಾಳದೊಳಗಿನ ಕವಾಟಗಳು ದುರ್ಬಲವಾಗುತ್ತವೆ, ನಾಳ ಉಬ್ಬುತ್ತದೆ. ಅದಕ್ಕೇ ದಿನವಿಡೀ ನಡೆದಾಡುವವರಿಗಿಂತ ದಿನವಿಡೀ ನಿಂತವರ ಕಾಲು ಬೇಗ ಕೆಡುತ್ತದೆ. ನಾನು ದಿನವಿಡೀ ಕೂತು ಮಾಡುವ ಕೆಲಸದವಳು, ಕೂತೇ ಇದ್ದರೆ ಸೊಂಟ ಏನಾಗುತ್ತದೆ ಎಂಬುದೂ ನನಗೆ ಗೊತ್ತು. ಆದರೆ ನೋವಾದಾಗ ನಾನು ಮಷಿನ್ ಬಿಟ್ಟು ಏಳುತ್ತೇನೆ, ಅಂಗಳಕ್ಕೆ ಹೋಗಿ ಬರುತ್ತೇನೆ. ಯಾರ ಫೋನೂ ಬರುವುದಿಲ್ಲ. ಕೂರಬೇಕೆನಿಸಿದಾಗ ಕೂರುವುದು, ಏಳಬೇಕೆನಿಸಿದಾಗ ಏಳುವುದು, ಇಷ್ಟು ಅವರಿಗೂ ಸಿಗಲಿ ಎನ್ನುತ್ತಿದ್ದೇನೆ.

ನಾನು ಹೋಗುವುದನ್ನು ನಿಲ್ಲಿಸಿದ್ದು ಒಬ್ಬ ತುಂಬು ಬಸುರಿಯನ್ನು ನೋಡಿದ ಮೇಲೆ. ಎಂಟು ತಿಂಗಳಾಗಿತ್ತು. ಅವಳು ನನಗೆ ರೇಷ್ಮೆ ಬ್ಲೌಸ್ ಪೀಸು ತೋರಿಸಲು ಮೇಲಿನ ಖಾನೆಗೆ ಕೈ ಚಾಚುತ್ತಿದ್ದಳು, ಇನ್ನೊಂದು ಕೈ ಸೊಂಟದ ಮೇಲಿತ್ತು. ನಾನು ಕೂತಿದ್ದ ಸ್ಟೂಲನ್ನು ಕೌಂಟರಿನ ಆ ಕಡೆಗೆ ತಳ್ಳಿ "ಕೂತ್ಕೋ ತಾಯಿ, ನಾನೇ ತಗೋತೀನಿ" ಅಂದೆ. "ಬ್ಯಾಡ್ರಿ ಅಕ್ಕಾ, ಇನ್ನೊಂದು ತಿಂಗಳು ದುಡಿದ್ರೆ ಆಸ್ಪತ್ರಿ ಖರ್ಚಿಗೆ ಆಗ್ತೈತಿ, ಈಗ ಬಿಡಿಸಿಬಿಟ್ರೆ ಏನ್ ಮಾಡ್ಲಿ" ಅಂದಳು. ಸ್ಟೂಲು ಅಲ್ಲೇ ಇತ್ತು. ಅವಳು ಕೂರಲಿಲ್ಲ. ಫ್ಲೋರ್ ಮ್ಯಾನೇಜರ್ ಬಂದು "ಮೇಡಂ, ನಿಮ್ಗೆ ಏನಾದ್ರೂ ತೊಂದರೆ ಆಯ್ತಾ?" ಎಂದು ನನ್ನನ್ನು ಕೇಳಿದರು. ಅವರಿಗೆ ನನ್ನ ತೊಂದರೆಯ ಚಿಂತೆಯಿತ್ತು, ಪಕ್ಕದಲ್ಲೇ ನಿಂತಿದ್ದ ಬಸುರಿಯ ತೊಂದರೆ ಕಾಣಲಿಲ್ಲ. ತೆಗೆಸಿಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಮನೆಗೆ ಬಂದ ಮೇಲೆ ನನ್ನ ಅಕ್ಕನ ಮಗನನ್ನು ಕೇಳಿದೆ, ಅವನು ವಕೀಲ. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 4ನೇ ಕಲಮನ್ನು ಅವನು ಓದಿ ಹೇಳಿದ. ಹೆರಿಗೆಯ ದಿನಕ್ಕೆ ಆರು ವಾರ ಮೊದಲಿನ ಅವಧಿ ಶುರುವಾಗುವುದಕ್ಕಿಂತ ಹಿಂದಿನ ಒಂದು ತಿಂಗಳು, ಬಸುರಿ ಹೆಂಗಸು ಕೇಳಿಕೊಂಡರೆ, ಶ್ರಮದ ಕೆಲಸವನ್ನಾಗಲಿ ಬಹಳ ಹೊತ್ತು ನಿಂತು ಮಾಡುವ ಕೆಲಸವನ್ನಾಗಲಿ ಅವಳಿಗೆ ಕೊಡುವಂತಿಲ್ಲ. ಬಹಳ ಹೊತ್ತು ನಿಲ್ಲುವುದು ಎಂಬ ಮಾತೇ ಆ ಕಾಯ್ದೆಯಲ್ಲಿತ್ತು. ಹತ್ತು ಜನ ಕೆಲಸಕ್ಕಿರುವ ಅಂಗಡಿಗೂ ಅದು ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಹೇಳುತ್ತದೆ. ಅರವತ್ತು ವರ್ಷಕ್ಕೂ ಹಿಂದೆ ದೆಹಲಿಯಲ್ಲಿ ಕೂತು ಕಾನೂನು ಬರೆದವರಿಗೆ ಹೊಳೆದದ್ದು, ಎದುರಿಗೇ ನಿಂತ ಹೆಂಗಸನ್ನು ನೋಡುವ ನಿಮಗೆ ಹೊಳೆಯಲಿಲ್ಲವಲ್ಲ ಎಂಬುದು ನನ್ನ ಸಂಕಟ. ಕೇಳಿಕೊಂಡರೆ ಎಂಬ ಷರತ್ತು ಅಲ್ಲಿದೆ, ನಿಜ. ಕೇಳಿದರೆ ಕೆಲಸವೇ ಹೋಗುತ್ತದೆ ಎಂದು ಹೆದರುವವಳು ಹೇಗೆ ಕೇಳಿಯಾಳು?

ಇನ್ನು ಬಚ್ಚಲಿನ ವಿಷಯ. ಗಂಡಸರಾದ ನಿಮಗೆ ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಬರೆಯದಿದ್ದರೆ ನಿಮಗೆ ತಿಳಿಯುವುದೇ ಇಲ್ಲ. ನಾಲ್ಕು ಮಹಡಿಯ ಮಳಿಗೆಯಲ್ಲಿ ಕೆಲಸದ ಹೆಣ್ಣುಮಕ್ಕಳಿಗೆ ನೆಲಮಾಳಿಗೆಯಲ್ಲಿ ಒಂದೇ ಒಂದು ಶೌಚಾಲಯ ಇರುವ ಕಡೆ ಇದೆ. ಹೋಗಬೇಕಾದರೆ ಮೇಲ್ವಿಚಾರಕನಿಗೆ ಹೇಳಿ ಹೋಗಬೇಕು, ಹೋಗಿ ಬರುವ ಹೊತ್ತನ್ನು ಬರೆದಿಡುತ್ತಾರೆ. ಮುಟ್ಟಿನ ದಿನಗಳಲ್ಲೂ ಇದೇ ನಿಯಮ. ಹಾಗಾಗಿ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲಿನಲ್ಲಿ ಬಸ್ಸಿಳಿದು ಬಂದ ಹುಡುಗಿ ಮಧ್ಯಾಹ್ನದವರೆಗೆ ಬಾಯಿಗೆ ನೀರು ಹಾಕುವುದಿಲ್ಲ. ಉರಿಮೂತ್ರ ಎಂದು ಮಾತ್ರೆ ನುಂಗುತ್ತಾ ಕೆಲಸಕ್ಕೆ ಬರುವವರನ್ನು ನಾನು ಬಲ್ಲೆ.

ನಿಂತು ವ್ಯಾಪಾರ ಮಾಡುವುದು ನಮ್ಮ ಜವಳಿ ಧಂದೆಯ ಸಂಪ್ರದಾಯ ಎಂದು ನಿಮ್ಮಲ್ಲಿ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾನು ಚಿಕ್ಕವಳಿದ್ದಾಗ ಅವ್ವನ ಸೆರಗು ಹಿಡಿದು ಮಂಡಿಪೇಟೆಯ ಅಂಗಡಿಗಳಿಗೆ ಹೋಗುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಮೆಟ್ಟಿಲು ಹತ್ತಿದರೆ ಅಂಗಡಿ ತುಂಬ ಬಿಳಿ ಬಟ್ಟೆ ಹಾಸಿದ ಗಾದಿ. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಲೋಡಿಗೆ ಒರಗಿ ಕೂತಿರುತ್ತಿದ್ದರು, ಬಟ್ಟೆ ತೋರಿಸುವವರೂ ಗಾದಿಯ ಮೇಲೇ ಮಂಡಿ ಮಡಿಚಿ ಕೂತು ಒಂದೊಂದೇ ಸೀರೆ ಬಿಚ್ಚಿ ಹರಡುತ್ತಿದ್ದರು, ನಾವೂ ಎದುರಿಗೆ ಕೂತು ನೋಡುತ್ತಿದ್ದೆವು. ಅವ್ವ ಚೌಕಾಸಿ ಮಾಡುವಾಗ ಇಬ್ಬರ ಮುಖವೂ ಒಂದೇ ಎತ್ತರದಲ್ಲಿ ಇರುತ್ತಿತ್ತು. ಕೂತು ತೋರಿಸಿದ್ದಕ್ಕೆ ನಮಗೆ ಅಗೌರವವಾಯಿತು ಎಂದು ಯಾರಿಗೂ ಅನಿಸಲಿಲ್ಲ, ವ್ಯಾಪಾರವೂ ಕೆಡಲಿಲ್ಲ. ನಿಮ್ಮಲ್ಲಿ ಹಲವರ ಅಜ್ಜಂದಿರು ಬದುಕು ಕಟ್ಟಿಕೊಂಡದ್ದು ಆ ಗಾದಿಯ ಮೇಲೆ. ಗಾಜಿನ ಷೋರೂಮು ಬಂತು, ಎತ್ತರದ ಕೌಂಟರು ಬಂತು, ಗಂಡಸರ ಜಾಗದಲ್ಲಿ ಕಡಿಮೆ ಸಂಬಳಕ್ಕೆ ಹಳ್ಳಿಯ ಹೆಣ್ಣುಮಕ್ಕಳು ಬಂದರು, ಆಗ ಕೂರುವುದು ತಪ್ಪಾಯಿತು.

ನನ್ನ ಅಪ್ಪ ಇದೇ ಊರಿನ ಹತ್ತಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಗಿರಣಿ ಅಂದರೆ ಸ್ವರ್ಗವೇನಲ್ಲ. ಹತ್ತಿಯ ಧೂಳಿಗೆ ಅಪ್ಪನ ಎದೆ ಕಡೆಯವರೆಗೂ ಗೊರಗೊರ ಎನ್ನುತ್ತಿತ್ತು. ಆದರೂ ಗೋಡೆಯ ಪಕ್ಕ ಒಂದು ಬೆಂಚು ಇರುತ್ತಿತ್ತು, ಮಷಿನ್ ಸರಿಯಾಗಿ ಓಡುತ್ತಿರುವಾಗ ಅಲ್ಲಿ ಕೂರುತ್ತಿದ್ದೆವು ಎಂದು ಅವರು ಹೇಳುತ್ತಿದ್ದರು. ಅದು ಗಿರಣಿಯವರ ಉದಾರತೆಯಲ್ಲ ಎಂದು ನನಗೆ ತಿಳಿದದ್ದು ಈಚೆಗೆ. 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಕಲಮು, ನಿಂತು ಕೆಲಸ ಮಾಡಬೇಕಾದ ಎಲ್ಲ ಕಾರ್ಮಿಕರಿಗೂ ಬಿಡುವು ಸಿಕ್ಕಾಗ ಕೂರಲು ತಕ್ಕ ವ್ಯವಸ್ಥೆ ಇರಲೇಬೇಕು ಎಂದು ಹೇಳಿತ್ತು. ಬಟ್ಟೆ ತಯಾರಿಸುವ ಅಪ್ಪನಿಗೆ ಕಾನೂನು ಕೊಟ್ಟ ಬೆಂಚು, ಅದೇ ಬಟ್ಟೆಯನ್ನು ಮಾರುವ ಹುಡುಗಿಗೆ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ 1899ರಷ್ಟು ಹಿಂದೆಯೇ ಅಂಗಡಿಯ ಹೆಣ್ಣಾಳು ಮೂವರಿಗೆ ಒಂದಾದರೂ ಆಸನ ಇಡಬೇಕೆಂದು ಕಾಯ್ದೆ ಬಂದಿತ್ತು. ಅಲ್ಲಿಯ ಅಂಗಡಿಗಳೇನೂ ಮುಚ್ಚಿಹೋಗಲಿಲ್ಲ.

ಅಷ್ಟು ದೂರ ಬೇಡ, ನಮ್ಮ ಪಕ್ಕದ ಕೇರಳಕ್ಕೆ ಬನ್ನಿ. ಕೋಳಿಕ್ಕೋಡಿನ ಮಿಠಾಯಿ ತೆರುವು ಎಂಬ ಬೀದಿಯಲ್ಲಿ ಪಿ. ವಿಜಿ ಎಂಬ ಹೆಂಗಸಿದ್ದಾರೆ. ಅವರೂ ಹೊಲಿಗೆ ಕೆಲಸದಿಂದ ಬಂದವರು. ಆ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವೂ ಇಲ್ಲ, ಕೂರಲು ಜಾಗವೂ ಇಲ್ಲ ಎಂದು ಅವರನ್ನು ಸೇರಿಸಿ 'ಪೆಣ್‌ಕೂಟ್ಟು' ಎಂಬ ಸಂಘಟನೆ ಕಟ್ಟಿದರು. ತ್ರಿಶೂರಿನ ಜವಳಿ ಮಳಿಗೆಯೊಂದರ ಹೆಣ್ಣುಮಕ್ಕಳು ಇದೇ ಬೇಡಿಕೆಗೆ ತಿಂಗಳುಗಟ್ಟಲೆ ಮುಷ್ಕರ ಕೂತರು. ವರ್ಷಗಳ ಹೋರಾಟದ ನಂತರ 2018ರಲ್ಲಿ ಕೇರಳ ಸರ್ಕಾರ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸದ ನಡುವೆ ಕೂರುವುದನ್ನು ಹಕ್ಕು ಮಾಡಿತು. ಅದೇ ವರ್ಷ ಬಿಬಿಸಿ ಸಿದ್ಧಪಡಿಸಿದ ಜಗತ್ತಿನ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯವರ ಹೆಸರಿತ್ತು. 2021ರಲ್ಲಿ ತಮಿಳುನಾಡು ಕೂಡ ಅದೇ ದಾರಿ ಹಿಡಿಯಿತು. ಚೆನ್ನೈನ ಟಿ. ನಗರದಲ್ಲಿ ನಿಮ್ಮ ಮಳಿಗೆಗಳಿಗಿಂತ ಎಷ್ಟೋ ಪಟ್ಟು ದೊಡ್ಡ ಜವಳಿ ಮಳಿಗೆಗಳಿವೆ, ನಿಮ್ಮಲ್ಲಿ ಕೆಲವರು ಮಾಲು ನೋಡಲು ಅಲ್ಲಿಗೆ ಹೋಗುವುದೂ ಉಂಟು. ಅಲ್ಲಿ ಕಾನೂನೇ ಕೂರಿಸಿ ಎನ್ನುತ್ತದೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಔದ್ಯೋಗಿಕ ಸುರಕ್ಷತೆ ಸಂಹಿತೆ, ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ ಮಾಲೀಕರು ಒದಗಿಸಬೇಕಾದ ಸೌಲಭ್ಯಗಳ ನಡುವೆ ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆಯನ್ನೂ ಹೆಸರಿಸಿದೆ. ಕೂತದ್ದಕ್ಕೆ ಹಾಕುವ ದಂಡದ ಮಾತನ್ನೂ ಹೇಳಬೇಕು. ವೇತನ ಸಂಹಿತೆಯ ಪ್ರಕಾರ ದಂಡವು ಆ ತಿಂಗಳ ವೇತನದ ನೂರಕ್ಕೆ 3ನ್ನು ಮೀರುವಂತಿಲ್ಲ. ಯಾವ ಯಾವ ತಪ್ಪಿಗೆ ದಂಡ ಎಂಬುದಕ್ಕೆ ಸರ್ಕಾರದ ಒಪ್ಪಿಗೆ ಪಡೆದು ಕೆಲಸದ ಜಾಗದಲ್ಲಿ ನೋಟಿಸು ಹಾಕಿರಬೇಕು. ನಿಮ್ಮ ಗೋಡೆಗಳ ಮೇಲೆ ಅಂಥ ನೋಟಿಸನ್ನು ನಾನು ಕಂಡಿಲ್ಲ. ಇನ್ನು ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐದು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸಬಾರದು, ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು ಎಂದು ಬರೆದಿಟ್ಟಿದೆ. ಹಬ್ಬದ ಕಾಲದಲ್ಲಿ ನಿಮ್ಮ ಹೆಣ್ಣುಮಕ್ಕಳು ಡಬ್ಬಿಯ ರೊಟ್ಟಿಯನ್ನು ನಿಂತುಕೊಂಡೇ ತಿಂದು ಓಡಿಬರುತ್ತಾರೆ. ಆ ಒಂದು ಗಂಟೆ ಎಲ್ಲಿ ಹೋಯಿತು?

ಇಷ್ಟು ಹೇಳಿದರೂ, ಕುರ್ಚಿ ಇಡಲು ನೀವು ಯಾವ ಕಾನೂನಿಗೂ ಕಾಯಬೇಕಿಲ್ಲ ಎನ್ನುವುದು ನನ್ನ ಮಾತು. ನಾಳೆ ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಆಗುವ ಕೆಲಸ ಅದು.

ಕೂತರೆ ಗಿರಾಕಿಗೆ ಅಗೌರವ ಎಂದು ನಿಮ್ಮಲ್ಲೊಬ್ಬರು ನನಗೆ ಹಿಂದೊಮ್ಮೆ ಹೇಳಿದ್ದರು. ನಾನು ಗಿರಾಕಿ, ನನಗೆ ಅಗೌರವ ಎನಿಸುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಔಷಧಿ ಅಂಗಡಿಯಲ್ಲಿ, ಪೋಸ್ಟಾಫೀಸಿನಲ್ಲಿ ಕೂತವರೇ ನನ್ನ ಕೆಲಸ ಮಾಡಿಕೊಡುತ್ತಾರೆ. ಕೂರಿಸಿದರೆ ಹರಟೆ ಹೊಡೆಯುತ್ತಾರೆ, ಮೊಬೈಲು ನೋಡುತ್ತಾರೆ ಎನ್ನುತ್ತೀರಿ. ಮೊಬೈಲನ್ನು ನೀವು ಬೆಳಿಗ್ಗೆಯೇ ಇಸಿದುಕೊಂಡು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೀರಿ, ಮನೆಯಲ್ಲಿ ಮಗುವಿಗೆ ಜ್ವರ ಬಂದರೂ ಸಂಜೆಯವರೆಗೆ ಅವರಿಗೆ ಗೊತ್ತಾಗುವುದಿಲ್ಲ. ಇನ್ನು ಹರಟೆ, ಅದು ನಿಂತೂ ಆಗುತ್ತದೆ. ಜಾಗವಿಲ್ಲ ಎಂಬ ಕಾರಣವನ್ನು ಮಾತ್ರ ದಯವಿಟ್ಟು ಹೇಳಬೇಡಿ. ಗೊಂಬೆಗೆ ಸೀರೆ ಉಡಿಸಿ ನಿಲ್ಲಿಸಲು ನಿಮ್ಮಲ್ಲಿ ಇರುವ ಜಾಗ ನನ್ನ ಇಡೀ ಹೊಲಿಗೆ ಕೋಣೆಗಿಂತ ದೊಡ್ಡದು.

ಒಂದು ಪ್ರಶ್ನೆ ಮಾತ್ರ ನನ್ನನ್ನು ಬಹಳ ಕಾಡಿತು, ಅದನ್ನು ನೀವು ಕೇಳದಿದ್ದರೂ ನಾನೇ ಎತ್ತುತ್ತೇನೆ. ಗಿರಾಕಿಗಳು ಬರುವುದನ್ನು ಬಿಟ್ಟರೆ ವ್ಯಾಪಾರ ಇಳಿಯುತ್ತದೆ, ವ್ಯಾಪಾರ ಇಳಿದರೆ ಮೊದಲು ಕೆಲಸ ಕಳೆದುಕೊಳ್ಳುವವರು ಅದೇ ಹೆಣ್ಣುಮಕ್ಕಳು. ಅವರ ಒಳ್ಳೆಯದಕ್ಕೆಂದು ಹೊರಟು ಅವರ ಅನ್ನಕ್ಕೇ ಕಲ್ಲು ಹಾಕಿದಂತಾಗುವುದಿಲ್ಲವೇ? ಇದನ್ನು ನಾನು ಅವರನ್ನೇ ಕೇಳಿದೆ. ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬಳು "ನೀವು ಬರ್ಲಿಲ್ಲ ಅಂದ್ರ ಅವರಿಗೆ ಗೊತ್ತೂ ಆಗಂಗಿಲ್ಲ ಅಕ್ಕಾ" ಅಂದಳು. ಇನ್ನೊಬ್ಬಳು, ಇಬ್ಬರು ಮಕ್ಕಳ ತಾಯಿ, ಬಹಳ ಹೊತ್ತು ಸುಮ್ಮನಿದ್ದು, "ಸುಮ್ನೆ ಬಿಟ್ಟು ಹೋಗಬ್ಯಾಡ್ರಿ. ಯಾಕೆ ಬಿಟ್ಟೀನಿ ಅಂತ ಹೇಳಿ ಬಿಡ್ರಿ. ನಾವು ಹೇಳಾಕೆ ಆಗಂಗಿಲ್ಲ, ನೀವು ಹೇಳಬೌದು" ಅಂದಳು. ಈ ಪತ್ರ ಬರೆಯಲು ನನ್ನನ್ನು ಒಪ್ಪಿಸಿದ್ದು ಅವಳ ಆ ಮಾತು. ನಿಮ್ಮ ಅಂಗಡಿ ಮುಚ್ಚಲಿ ಎಂದು ನಾನು ಬಯಸುವುದಿಲ್ಲ. ಊರಿನ ಗಿರಣಿಗಳು ಮುಚ್ಚಿದಾಗ ನಮ್ಮ ಕೇರಿಯ ಮನೆಗಳಲ್ಲಿ ಒಲೆ ಹೇಗೆ ಆರಿತು ಎಂಬುದನ್ನು ಕಂಡು ಬೆಳೆದವಳು ನಾನು. ನಿಮ್ಮ ಮಳಿಗೆಗಳು ನೂರಾರು ಹೆಣ್ಣುಮಕ್ಕಳಿಗೆ ಮನೆಯ ಹೊರಗೆ ಒಂದು ದುಡಿಮೆ ಕೊಟ್ಟಿವೆ, ಅದನ್ನು ಹಗುರವಾಗಿ ನೋಡುವುದಿಲ್ಲ. ಆ ದುಡಿಮೆ ಅವರ ಕಾಲನ್ನು ತಿನ್ನಬಾರದು, ಅಷ್ಟೇ.

ಈಗ ನಾನು ಎಲ್ಲಿ ಕೊಳ್ಳುತ್ತೇನೆ ಎಂದೂ ಹೇಳುತ್ತೇನೆ. ಮಂಡಿಪೇಟೆಯ ಒಳಗಿನ ಒಂದು ಹಳೆಯ ಅಂಗಡಿಯಲ್ಲಿ ಗಾದಿ ಇನ್ನೂ ಇದೆ. ಅಲ್ಲಿ ನಿಮ್ಮಲ್ಲಿ ಸಿಗುವಷ್ಟು ಬಣ್ಣ ಸಿಗುವುದಿಲ್ಲ. ಒಂದು ಮ್ಯಾಚಿಂಗಿಗೆ ಮೂರು ಅಂಗಡಿ ಸುತ್ತಬೇಕಾಗುತ್ತದೆ, ಲೈನಿಂಗಿಗೆ ಮೀಟರಿಗೆ ಕೆಲವು ರೂಪಾಯಿ ಹೆಚ್ಚೇ ಬೀಳುತ್ತದೆ. ಹೊಲಿಗೆಯವಳ ಲಾಭದಲ್ಲಿ ಅದು ಸಣ್ಣ ಮೊತ್ತವಲ್ಲ. ಇನ್ನೊಂದು ಹೊಸ ಅಂಗಡಿಯಿದೆ, ಅದರ ಯಜಮಾನಿ ಹೆಂಗಸು. ಒಂದೊಂದು ಕೌಂಟರಿನ ಹಿಂದೆಯೂ ಎತ್ತರದ ಸ್ಟೂಲು ಇಟ್ಟಿದ್ದಾರೆ, ಅದರ ಮೇಲೆ ಕೂತರೂ ಗಿರಾಕಿಯ ಮುಖ ಕಾಣುತ್ತದೆ, ಕೈ ಕೌಂಟರಿಗೆ ಎಟುಕುತ್ತದೆ. ಗಿರಾಕಿ ಒಳಗೆ ಬಂದರೆ ಹುಡುಗಿಯರು ತಾವಾಗಿ ಎದ್ದು ಬರುತ್ತಾರೆ. ಅಲ್ಲಿ ಕೆಲಸಕ್ಕೆ ಸೇರಿದವರು ಬಿಡುವುದೂ ಕಡಿಮೆ. ನಿಮ್ಮಲ್ಲಿ ಬಾಗಿಲ ಮೇಲೆ 'ಕೆಲಸಕ್ಕೆ ಹುಡುಗಿಯರು ಬೇಕಾಗಿದ್ದಾರೆ' ಎಂಬ ಬೋರ್ಡು ವರ್ಷಪೂರ್ತಿ ಏಕೆ ತೂಗುತ್ತದೆ ಎಂದು ಯೋಚಿಸಿ ನೋಡಿ.

ಮದುವೆಮನೆಯವರು ಕೇಳಿದರೆ ಅವರಿಗೂ ಇದನ್ನೇ ಹೇಳುತ್ತೇನೆ. ಹೋಗಬೇಡಿ ಎಂದು ಅಡ್ಡಿಪಡಿಸುವುದಿಲ್ಲ, ಅವರ ದುಡ್ಡು ಅವರ ಇಷ್ಟ. ನಾನು ಯಾಕೆ ಹೋಗುವುದಿಲ್ಲ ಎಂದು ಮಾತ್ರ ಹೇಳುತ್ತೇನೆ. ಕೆಲವರು ನಕ್ಕು ಬಿಡುತ್ತಾರೆ. ಕೆಲವು ಹೆಂಗಸರು ಜವಳಿ ತೆಗೆದು ಬಂದು, "ನೀವು ಹೇಳಿದ ಮ್ಯಾಲೆ ನೋಡಿದ್ವಿ, ಖರೇನ ಒಬ್ಬರೂ ಕೂತಿರ್ಲಿಲ್ಲ" ಅನ್ನುತ್ತಾರೆ. ಇಷ್ಟು ವರ್ಷ ಕಣ್ಣೆದುರಿಗಿದ್ದದ್ದು ಅವರಿಗೆ ಅವತ್ತು ಕಂಡಿತು.

ನಿಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಪ್ರತಿ ಕೌಂಟರಿನ ಹಿಂದೆ ಅಲ್ಲಿ ನಿಲ್ಲುವವರಿಗೆ ಸಾಕಾಗುವಷ್ಟು ಆಸನ ಇಡಿ. ಇಟ್ಟರೆ ಸಾಲದು, ಗಿರಾಕಿ ಇಲ್ಲದಾಗ ಕೂರಬಹುದು ಎಂದು ಮೇಲ್ವಿಚಾರಕರ ಎದುರಿಗೇ ಎಲ್ಲರಿಗೂ ಹೇಳಿ, ಬರೆದು ಗೋಡೆಗೆ ಹಚ್ಚಿ. ಇಲ್ಲದಿದ್ದರೆ ಆ ಕುರ್ಚಿಯ ಮೇಲೆ ಸೀರೆಯ ಗಂಟು ಕೂರುತ್ತದೆ, ಹುಡುಗಿ ನಿಂತೇ ಇರುತ್ತಾಳೆ. ಕೂತದ್ದಕ್ಕೆ, ಒರಗಿದ್ದಕ್ಕೆ ಹಾಕುವ ದಂಡವನ್ನು ಇವತ್ತಿನಿಂದಲೇ ನಿಲ್ಲಿಸಿ. ಹಿಂದೆ ಹಿಡಿದುಕೊಂಡದ್ದನ್ನು ಲೆಕ್ಕ ಹಾಕಿ ಹಿಂದಿರುಗಿಸಿದರೆ ಅದು ನಿಮ್ಮ ದೊಡ್ಡತನ. ಬಸುರಿಯರನ್ನು ಬಿಲ್ಲಿಂಗಿಗೋ, ಫಾಲ್ಸ್ ಹಚ್ಚುವ ಕೆಲಸಕ್ಕೋ, ಕೂತು ಮಾಡುವ ಬೇರೆ ಯಾವುದಕ್ಕಾದರೂ ಹಾಕಿ, ಅವರು ಬಾಯಿ ಬಿಟ್ಟು ಕೇಳುವವರೆಗೆ ಕಾಯಬೇಡಿ. ಶೌಚಾಲಯಕ್ಕೆ ಹೋಗಿ ಬರುವ ಹೊತ್ತನ್ನು ಬರೆದಿಡುವ ಪದ್ಧತಿ ಮನುಷ್ಯರಿಗೆ ಮಾಡುವ ಅವಮಾನ, ಆ ಪುಸ್ತಕವನ್ನು ತೆಗೆದುಹಾಕಿ. ಮಧ್ಯಾಹ್ನದ ಒಂದು ಗಂಟೆ ಅವರಿಗೆ ಬಿಡಿ, ಹಬ್ಬದಲ್ಲೂ. ಕ್ಯಾಮೆರಾ ಇರಲಿ, ಅದು ಕಳ್ಳರನ್ನು ನೋಡಲಿ.

ನಿಮ್ಮ ಸಂಘದ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಇಟ್ಟು ಎಲ್ಲರೂ ಸೇರಿ ತೀರ್ಮಾನಿಸಿದರೆ ಇನ್ನೂ ಒಳ್ಳೆಯದು. ಒಬ್ಬರು ಮಾತ್ರ ಕೂರಿಸಿದರೆ ಪಕ್ಕದವರು ಏನನ್ನುತ್ತಾರೋ ಎಂಬ ಅಳುಕು ಆಗ ಯಾರಿಗೂ ಇರುವುದಿಲ್ಲ. ನಮ್ಮ ಜಿಲ್ಲೆಯ ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೂ ಈ ಪತ್ರದ ಪ್ರತಿಯನ್ನು ಕಳಿಸುತ್ತಿದ್ದೇನೆ. ಅವರಲ್ಲಿ ನನ್ನ ವಿನಂತಿ, ಮಳಿಗೆಗಳಿಗೆ ಬಂದಾಗ ಮಾಲೀಕರ ಕ್ಯಾಬಿನ್ನಿನಲ್ಲಿ ರಿಜಿಸ್ಟರ್ ನೋಡಿ ಹಿಂದಿರುಗಬೇಡಿ. ಮೇಲಿನ ಮಹಡಿಗಳಿಗೆ ಹತ್ತಿ ಬನ್ನಿ, ಕೌಂಟರಿನ ಹಿಂದೆ ಬಗ್ಗಿ ನೋಡಿ, ಮೇಲ್ವಿಚಾರಕರನ್ನು ದೂರ ಕಳಿಸಿ ಹೆಣ್ಣುಮಕ್ಕಳ ಜೊತೆ ಮಾತಾಡಿ. ಜವಳಿ ತೆಗೆಯಲು ಹೋಗುವ ಅಕ್ಕತಂಗಿಯರಲ್ಲಿ ಒಂದು ಮಾತು: ನಿಮಗೆ ಸ್ಟೂಲು ಕೊಟ್ಟಾಗ "ಇವರಿಗೆಲ್ಲಿ?" ಎಂದು ಮ್ಯಾನೇಜರನ್ನು ಕೇಳಿ. ಹುಡುಗಿಯನ್ನು ಕೇಳಬೇಡಿ, ಅವಳು ಉತ್ತರಿಸುವ ಸ್ಥಿತಿಯಲ್ಲಿಲ್ಲ.

ನಿಮ್ಮಲ್ಲಿ ಯಾರಾದರೂ ಆಸನ ಹಾಕಿಸಿದರೆ ನನಗೆ ತಿಳಿಸಬೇಕಾಗಿಲ್ಲ, ಬ್ಲೌಸು ಹೊಲಿಸಲು ಬರುವ ಹೆಣ್ಣುಮಕ್ಕಳೇ ತಿಳಿಸುತ್ತಾರೆ. ಆ ವಾರವೇ ಲೈನಿಂಗ್ ಕೊಳ್ಳಲು ನಾನು ನಿಮ್ಮಲ್ಲಿಗೆ ಬರುತ್ತೇನೆ, ಮುಂದಿನ ಲಗ್ನದ ಜವಳಿಗೂ ನಿಮ್ಮ ಅಂಗಡಿಯ ಹೆಸರನ್ನೇ ಹೇಳುತ್ತೇನೆ.

ಇತಿ,
ನಿಮ್ಮ ಹಳೆಯ ಗಿರಾಕಿ,
ಒಬ್ಬ ಹೊಲಿಗೆಯ ಹೆಂಗಸು
ದಾವಣಗೆರೆ